ಬೈಟು

ಯಾರೂ ಸತ್ತಿರಲಿಲ್ಲ. ಆಸ್ಪತ್ರೆ, ಮದುವೆ, ಕೋರ್ಟು,
ಹೇಳಿಕೊಳ್ಳಲು ಒಂದು ಮರ್ಯಾದಸ್ಥ ಕಾರಣವೂ ಇರಲಿಲ್ಲ.
ಮೂರು ಲಕ್ಷದ ಹನ್ನೆರಡು ಸಾವಿರ
ಬರೀ ಹೀಗೇ ಆಗಿತ್ತು,
ನಲ್ಲಿ ಪೂರ್ತಿ ತಿರುಗಿಸದೆ ಮಲಗಿದ ಮನೆಯಲ್ಲಿ
ಬೆಳಗಾಗುವಷ್ಟರಲ್ಲಿ ಸಂಪು ಬರಿದಾದ ಹಾಗೆ.

ನವರಂಗ್ ಹತ್ತಿರದ ದರ್ಶಿನಿಯಲ್ಲಿ
ಕೌಂಟರಿಗೆ ಮೊದಲು ನುಗ್ಗುತ್ತಿದ್ದವನು ನಾನು.
"ಬಿಡ್ರೀ, ನಾನ್ ಕೊಡ್ತೀನಿ."
ಅದನ್ನು ಹೇಳುವಾಗಿನ ರುಚಿ
ಅಲ್ಲಿಯ ಯಾವ ದೋಸೆಗೂ ಇರಲಿಲ್ಲ.
ಗಲ್ಲಾದ ಮೇಲಿನ ಪುಟ್ಟ ಡಬ್ಬಿ
ನಾನು ಕೊಟ್ಟಿದ್ದೆಷ್ಟೆಂದು ಡಂಗುರ ಸಾರುತ್ತಿತ್ತು.
ದಿನವಿಡೀ ಡೆಂಟಲ್ ಲ್ಯಾಬಿನಲ್ಲಿ ಕೂತು
ಕಂಡವರ ಬಾಯಿಗೆ ಹಲ್ಲು ಕಟ್ಟುವವನಿಗೆ
ಸಂಜೆ ಹತ್ತು ನಿಮಿಷ
ಐದು ಜನರೆದುರು ದೊಡ್ಡವನಾಗಬೇಕಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾನು ಹಾಸಿಗೆಯನ್ನೇ ಕಂತಿನಲ್ಲಿ ತಂದೆ,
ಕಿಂಗ್ ಸೈಜು.
ಶ್ರೀರಾಂಪುರದ ಮೆಟ್ಟಿಲಲ್ಲಿ ಅದು ತಿರುಗದೆ
ಹಗ್ಗ ಕಟ್ಟಿ ಹೊರಗಿನಿಂದ ಎಳೆದೆವು,
ಬೀದಿಗೆ ಬೀದಿಯೇ ಕತ್ತೆತ್ತಿ ನೋಡಿತು.
ಅದರ ಮೇಲೆ ನಿದ್ದೆ ಬರದೆ
ಹನ್ನೊಂದೂವರೆಗೆ ಬೆರಳಾಡಿಸುತ್ತ ಆಡಿಸುತ್ತ
ಶೂಸು, ಸ್ಪೀಕರು,
ಮೀನು ಬರಲೇ ಇಲ್ಲದ ಮೀನಿನ ತೊಟ್ಟಿ.

ಒಂದು ಬುಧವಾರ ಫೋನು ಮಗಳು ಎತ್ತಿದಳು.
ಆ ಕಡೆಯವನು ಬಲು ವಿನಯದಿಂದ
ಅವಳ ಸ್ಕೂಲು ಯಾವುದೆಂದು ಕೇಳಿದನಂತೆ.
"ಅಪ್ಪಾ, ಮಿನಿಮಮ್ ಡ್ಯೂ ಅಂದ್ರೇನು?"

ವಸುಮತಿ ಬೈಯಲಿಲ್ಲ. ಅದೇ ಕಷ್ಟವಾಯಿತು.
ಹೋದ ವರ್ಷದ ಗಣಿತದ ನೋಟ್‌ಬುಕ್ಕಿನಲ್ಲಿ
ಉಳಿದ ಹಾಳೆಗಳಿಗೆ ಗೆರೆ ಎಳೆದಳು.
ಬಾಡಿಗೆ. ಹಾಲು. ಸ್ಕೂಲ್ ವ್ಯಾನು. ಅಮ್ಮನ ಬಿಪಿ ಮಾತ್ರೆ.
ಕೊನೆಯ ಕಾಲಮ್ಮಿಗೆ ಬಂದು ತಡೆದು
"ದೊಡ್ಡಸ್ತಿಕೆ" ಎಂದು ಬರೆದಳು
ನನ್ನ ಮುಖ ನೋಡದೆ.
ಮೊದಲ ತಿಂಗಳು ಅದರಲ್ಲೇ
ನಾಲ್ಕು ಸಾವಿರದ ಆರುನೂರ ಮೂವತ್ತು.
"ವ್ಯಾನಿನ ಎರಡರಷ್ಟು" ಅಂದಳು, ಅಷ್ಟೇ.

ಕಾರ್ಡುಗಳನ್ನು ಲ್ಯಾಬಿನ ಗರಗಸಕ್ಕೆ ಕೊಟ್ಟೆ.
ಬೇಕು ಅನ್ನಿಸಿದ್ದನ್ನು ಕೊನೆಯ ಪುಟದಲ್ಲಿ ಬರೆದು
ಒಂದು ಅಮಾವಾಸ್ಯೆ ದಾಟಿಸುವುದೆಂದು ಆಯಿತು.
ಬರೆದಿದ್ದು ಅರವತ್ತೊಂದು. ದಾಟಿ ಬಂದಿದ್ದು ಎರಡೇ,
ಕೊಡೆ, ಮಗಳಿಗೊಂದು ಜಾಮಿಟ್ರಿ ಬಾಕ್ಸು.

ಆದರೆ ಸಂಜೆ ಆರು ಗಂಟೆಯನ್ನು
ಯಾವ ಪುಟದಲ್ಲಿ ಬರೆಯಲಿ?
ಗ್ಯಾಸ್ಟ್ರಿಕ್ಕು ಅಂದೆ, ಸೋಮವಾರದ ಉಪವಾಸ ಅಂದೆ,
ಹದಿನೇಳು ದಿನ ಹಿಂದಿನ ಗಲ್ಲಿಯಿಂದ ಸುತ್ತಿ ಬಂದೆ.
ಹದಿನೆಂಟನೇ ದಿನ ಸೆಲ್ವರಾಜ್
ಗಲ್ಲಿಯ ಬಾಯಲ್ಲೇ ನಿಂತಿದ್ದ.
ಹೇಳಿದೆ. ಮೊತ್ತ ಸಮೇತ ಹೇಳಿದೆ.
ಅವನು ಚಪ್ಪಲಿಯಿಂದ ಒಂದು ಕಲ್ಲು ಸರಿಸಿ
"ನಂದು ಐದೂವರೆ" ಅಂದ.

ದರ್ಶಿನಿಗೆ ಹೋದೆವು. "ಒಂದು ಬೈಟು."
ಹದಿನೆಂಟು ರೂಪಾಯಿ.
ಅವನು ಒಂಬತ್ತು ಒತ್ತಿದ, ನಾನು ಒಂಬತ್ತು ಒತ್ತಿದೆ.
ಡಬ್ಬಿ ಎರಡು ಸಲ ಸಾರಿತು.
ಹಿಂದೆ ನಿಂತವರಿಗೆ ಕೇಳಿಸಿರಬೇಕು,
ಕಿವಿ ಬಿಸಿಯಾಯಿತು.
ಕಾಫಿಯವನು ಎತ್ತರದಿಂದ ಎರಡು ಲೋಟಕ್ಕೆ ಸುರಿದ;
ಅವನದರಲ್ಲಿ ಒಂದೆಳೆ ಹೆಚ್ಚು.
ನೋಡಿದೆ. ಅವನೂ ನೋಡಿದ.

ಮೂವತ್ತೊಂದು ತಿಂಗಳು.
ಕೊನೆಯ ಕಂತು ಕಟ್ಟಿದ ದಿನ
ಏನೋ ಆಗುತ್ತದೆ ಅಂದುಕೊಂಡಿದ್ದೆ.
ಒಂದು ಮೆಸೇಜು ಬಂತು,
ಅದರ ಬೆನ್ನಿಗೇ ಇನ್ನೊಂದು,
ನಿಮಗೆ ಐದು ಲಕ್ಷ ಸಾಲ ಮಂಜೂರಾಗಿದೆ ಎಂದು.
ವಸುಮತಿಗೆ ತೋರಿಸಿದೆ. ಬಹಳ ದಿನದ ಮೇಲೆ
ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಸಂಜೆ ಕೌಂಟರಿನಲ್ಲಿ
ನಾಲಗೆಯ ತುದಿಗೆ ಬಂದೇಬಿಟ್ಟಿತ್ತು,
ಬಿಡ್ರೀ, ಇವತ್ತು ನಾನು.
ಸೆಲ್ವರಾಜನಿಗೆ ಇನ್ನೂ ಹನ್ನೊಂದು ಕಂತಿದೆ.
ಕಾಫಿ ಎರಡು ರೂಪಾಯಿ ಏರಿದೆ.
"ಬೈಟು" ಅಂದೆ.
ಹತ್ತು ಒತ್ತಿ, ಅವನು ಒತ್ತಲೆಂದು
ಪಕ್ಕಕ್ಕೆ ಸರಿದು ನಿಂತೆ.